ಸರ್ಕಾರದ ಹತ್ರ ಇರೋ ನಮ್ಮ ದಾಖಲೆಗಳನ್ನ ರಿಸರ್ಚ್‌ಗೆ ಕೊಡೋದು ಸರೀನಾ?

ಹೊಸಬ_ಓದುಗ:
ಎಲ್ರಿಗೂ ನಮಸ್ಕಾರ, ಒಂದು ಡೌಟ್ ಇತ್ತು. ತೆರಿಗೆ, ಸ್ಕೂಲು, ಆಸ್ಪತ್ರೆ, ಪಿಂಚಣಿ, ಜನನ-ಮರಣ ನೋಂದಣಿ ಅಂತ ಸರ್ಕಾರದ ಹತ್ರ ನಮ್ಮ ಬಗ್ಗೆ ರಾಶಿ ಡೇಟಾ ಬಿದ್ದಿರುತ್ತೆ, ನಾವು ಅದನ್ನ ಕೊಟ್ಟಿದ್ದು ನಮ್ಮ ಕೆಲಸ ಆಗ್ಲಿ ಅಂತ ಅಷ್ಟೇ. ಈಗ ಅದನ್ನೇ ಯೂನಿವರ್ಸಿಟಿಯವರಿಗೆ ಕೊಟ್ರೆ ಜನಕ್ಕೆ ಒಳ್ಳೇದಾಗುತ್ತೆ ಅಂತಾರೆ. ಏನ್ ಒಳ್ಳೇದು? ಬೇಕಾದ್ರೆ ಸರ್ವೆ ಮಾಡಿ ಕೇಳ್ಲಿ. ಮತ್ತೆ ಹೆಸರು ತೆಗೆದುಬಿಟ್ರೆ ಸಾಕಾ?

ಅಂಕಿಅಂಶ_ಹುಳ:
ಸರ್ವೆಯಲ್ಲಿ ಆಗದೇ ಇರೋ ಕೆಲಸಗಳಿವೆ ಗುರುಗಳೇ. 1998ರಲ್ಲಿ ಬರೀ 12 ಮಕ್ಕಳನ್ನ ನೋಡಿ ಬರೆದ ಒಂದು ಪೇಪರ್ ಬಂತಲ್ಲ, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾಗೆ ಮಕ್ಕಳಿಗೆ ಹಾಕೋದು) ಲಸಿಕೆಗೂ ಆಟಿಸಂಗೂ ಸಂಬಂಧ ಇದೆ ಅನ್ನೋ ಥರ, ಅದ್ರಿಂದ ಎಷ್ಟು ಅಪ್ಪ-ಅಮ್ಮಂದಿರು ಹೆದರಿದ್ರು. ಡೆನ್ಮಾರ್ಕ್‌ನವರು ಏನ್ ಮಾಡಿದ್ರು ಅಂದ್ರೆ, ಅಲ್ಲಿ 1968ರಿಂದ ಪ್ರತಿಯೊಬ್ರಿಗೂ ಒಂದು ಗುರುತಿನ ಸಂಖ್ಯೆ ಇದೆ, ಅದನ್ನ ಹಿಡ್ಕೊಂಡು 1991ರಿಂದ 1998ರವರೆಗೆ ಹುಟ್ಟಿದ 5,37,303 ಮಕ್ಕಳ ಲಸಿಕೆ ದಾಖಲೆ ಒಂದು ಕಡೆ, ಆಟಿಸಂ ಅಂತ ಡಾಕ್ಟ್ರು ಬರೆದ ದಾಖಲೆ ಇನ್ನೊಂದು ಕಡೆ, ಎರಡನ್ನೂ ಜೋಡಿಸಿ 2002ರಲ್ಲಿ ಸಂಬಂಧ ಕಾಣಲ್ಲ ಅಂತ ತೋರಿಸಿದ್ರು. ಅಪರೂಪದ ಕಾಯಿಲೆಗೆ ಸರ್ವೆ ಮಾಡೋಕೆ ಹೋದ್ರೆ ಕೈಗೆ ನಾಲ್ಕು ಜನ ಸಿಕ್ತಾರೆ ಅಷ್ಟೇ.

ಒಬ್ಬೊಬ್ರನ್ನೂ ಒಪ್ಪಿಗೆ ಕೇಳೋಣ ಅಂದ್ರೂ ತೊಂದ್ರೆ, ಹೂಂ ಅನ್ನೋರೇ ಒಂಥರ ಜನ, ಉತ್ರಾನೇ ಕೊಡದೇ ಇರೋರು ಇನ್ನೊಂಥರ ಜನ. ಬಿಟ್ಟುಹೋಗೋರು ಎಷ್ಟೋ ಸಲ ತುಂಬಾ ಕಷ್ಟದಲ್ಲಿರೋರೇ.

ಸಂಶಯ_ಪಿಶಾಚಿ:
ಹೆಸರು ತೆಗೆದ್ರೆ ಸಾಕಾ ಅನ್ನೋದಕ್ಕೆ ಯಾರೂ ಉತ್ರ ಕೊಡ್ಲಿಲ್ವಲ್ಲ. ಸಾಕಾಗಲ್ಲ! ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆ ಹೆಸರಿಲ್ದೆ ಹೊರಗೆ ಬಿಟ್ಟಿದ್ರು. ಲಟಾನ್ಯಾ ಸ್ವೀನಿ ಅನ್ನೋರು ಆಗಿನ್ನೂ ಸ್ಟೂಡೆಂಟು, 20 ಡಾಲರ್ ಕೊಟ್ಟು ಊರಿನ ಮತದಾರರ ಪಟ್ಟಿ ತಗೊಂಡು, ಹುಟ್ಟಿದ ತಾರೀಖು, ಗಂಡೋ ಹೆಣ್ಣೋ, ಪಿನ್‌ಕೋಡು ಈ ಮೂರನ್ನ ತಾಳೆ ನೋಡಿದ್ರು, ಗವರ್ನರ್ ವಿಲಿಯಂ ವೆಲ್ಡ್ ಅವ್ರದ್ದೇ ದಾಖಲೆ ಸಿಕ್ತು. ಗವರ್ನರ್ ಕಥೆನೇ ಹೀಗಾದ್ರೆ ನಮ್ಮದು?

ಕಡತ_ಕೋಣೆ:
ನಾನು ಇಂಥ ಡೇಟಾ ಮೇಲೆ ಕೆಲಸ ಮಾಡೋನು. ಪಿಶಾಚಿಯವ್ರು ಹೇಳಿದ್ದು ನಿಜ, ಆದ್ರೆ ಅದು ಫೈಲನ್ನ ಹೊರಗೆ ಬಿಟ್ಟಾಗಿನ ಕಥೆ. ಈಗ ಸರಿಯಾಗಿ ಮಾಡೋ ಕಡೆ ಡೇಟಾ ಹೊರಗೆ ಬರೋದೇ ಇಲ್ಲ, ನಾವೇ ಅದ್ರ ಹತ್ರ ಹೋಗ್ಬೇಕು. ವೇಲ್ಸ್‌ನಲ್ಲಿ ಸೇಲ್ (SAIL) ಅಂತ ರಿಸರ್ಚ್‌ಗೆ ಇರೋ ಡೇಟಾಬ್ಯಾಂಕ್ ಇದೆ, ಅಲ್ಲಿ ಹೆಸರು-ವಿಳಾಸ ಬೇರೆ ಸಂಸ್ಥೆಗೆ ಹೋಗುತ್ತೆ, ಅವ್ರು ಅದನ್ನ ಒಂದು ಕೋಡ್ ಮಾಡ್ತಾರೆ, ಕಾಯಿಲೆ-ಚಿಕಿತ್ಸೆ ವಿವರ ಡೇಟಾಬ್ಯಾಂಕ್‌ಗೆ ಬರುತ್ತೆ, ಹೆಸರು ನೋಡೋರಿಗೆ ಕಾಯಿಲೆ ಕಾಣಲ್ಲ, ಕಾಯಿಲೆ ನೋಡೋರಿಗೆ ಹೆಸರು ಕಾಣಲ್ಲ. ನಾವು ಕಾಪಿ ಮಾಡ್ಕೊಂಡು ಬರೋಹಾಗಿಲ್ಲ, ಟೇಬಲ್ ಮಾಡಿದ್ರೂ ಅದನ್ನ ಚೆಕ್ ಮಾಡಿಯೇ ಹೊರಗೆ ಬಿಡೋದು, ಟೇಬಲ್‌ನ ಯಾವ್ದಾದ್ರೂ ಚೌಕದಲ್ಲಿ ಒಬ್ರೋ ಇಬ್ರೋ ಅಂತ ಇದ್ರೆ ಅದನ್ನ ಅಳಿಸ್ತಾರೆ. ತಲೆ ಚಿಟ್ಟು ಹಿಡಿಯುತ್ತೆ ನಿಜ, ಆದ್ರೆ ಇರ್ಬೇಕು.

ನನ್ನ ತಕರಾರು ಬೇರೆನೇ. ಈ ದಾಖಲೆ ಬರೆದಿದ್ದು ರಿಸರ್ಚ್‌ಗಲ್ಲ, ಆಫೀಸ್ ಕೆಲಸಕ್ಕೆ. ಭತ್ಯೆ ರೂಲ್ಸ್ ಬದಲಾದ್ರೆ ಫಲಾನುಭವಿಗಳ ಸಂಖ್ಯೆ ಧಡಾರನೆ ಇಳಿಯುತ್ತೆ, ಬಡತನ ಕಮ್ಮಿ ಆಯ್ತು ಅಂತ ಯಾರೋ ಗ್ರಾಫ್ ಹಾಕ್ತಾರೆ. ಅರ್ಜಿನೇ ಹಾಕದೇ ಇರೋನು ಲೆಕ್ಕದಲ್ಲೇ ಇಲ್ಲ. ಫಾರಂ ತುಂಬಿಸಿಕೊಂಡ ಗುಮಾಸ್ತರ ಹತ್ರ ಒಂದು ಗಂಟೆ ಕೂತು ಕೇಳಿದ್ರೆ ಯಾವ ಕಾಲಂ ನಂಬಬಹುದು, ಯಾವುದ್ರಲ್ಲಿ ಸುಮ್ನೆ ಏನೋ ಒಂದು ಬರೆದಿರ್ತಾರೆ ಅಂತ ಗೊತ್ತಾಗುತ್ತೆ, ಆದ್ರೆ ಯಾರೂ ಕೂರಲ್ಲ.

ಸಂಶಯ_ಪಿಶಾಚಿ:
@ಕಡತ_ಕೋಣೆ ಡೇಟಾ ಹೊರಗೆ ಬಿಡದೆ ಬೀಗ ಹಾಕಿಡೋದು ಒಪ್ಪಿದೆ. ನನ್ನ ಭಯ ನಿಮ್ಮಂಥ ರಿಸರ್ಚರ್ ಮೇಲಲ್ಲ, ಇಲಾಖೆ ಮೇಲೆ. ನೆದರ್‌ಲ್ಯಾಂಡ್ಸ್‌ನಲ್ಲಿ ತೆರಿಗೆಯವ್ರು ಮಕ್ಕಳ ಪಾಲನೆ ಭತ್ಯೆ ತಗೊಂಡ ಸಾವಿರಾರು ಕುಟುಂಬಗಳನ್ನ ಸುಮ್ ಸುಮ್ನೆ ಮೋಸಗಾರರು ಅಂದು ಹಣ ವಾಪಸ್ ಕೇಳಿದ್ರು, 2021ರಲ್ಲಿ ಸರ್ಕಾರನೇ ರಾಜೀನಾಮೆ ಕೊಡ್ಬೇಕಾಯ್ತು. ರಿಸರ್ಚ್ ಅಂತ ಜೋಡಿಸಿಟ್ಟ ಡೇಟಾನ ನಾಳೆ ಯಾರ ಮೇಲೆ ಕ್ರಮ ತಗೊಳ್ಳೋಣ ಅಂತ ಹುಡುಕೋಕೆ ಬಳಸಲ್ಲ ಅನ್ನೋದಕ್ಕೆ ಏನ್ ಗ್ಯಾರಂಟಿ?

ಕಡತ_ಕೋಣೆ:
ಅದು ಕಾನೂನಲ್ಲೇ ಬರೆದಿರ್ಬೇಕು, ರಿಸರ್ಚ್‌ಗೆ ಜೋಡಿಸಿದ್ದು ಒಬ್ಬ ವ್ಯಕ್ತಿ ಮೇಲೆ ಕ್ರಮಕ್ಕೆ ವಾಪಸ್ ಹೋಗ್ಬಾರ್ದು ಅಂತ. ಬರೀ ಭರವಸೆ ಕೊಟ್ರೆ ನಾನೂ ಬೇಡ ಅಂತೀನಿ.

ಹೊಸಬ_ಓದುಗ:
ಎಲ್ರಿಗೂ ಥ್ಯಾಂಕ್ಸ್, ಸುಮಾರು ಅರ್ಥ ಆಯ್ತು. ಪ್ರತಿಯೊಬ್ರನ್ನೂ ಕೇಳೋಕಾಗಲ್ಲ ಅನ್ನೋದು ಓಕೆ, ಹೇಳೋಕಾದ್ರೂ ಆಗುತ್ತಲ್ವಾ?

ಅಂಕಿಅಂಶ_ಹುಳ:
ಹೇಳ್ಲೇಬೇಕು. ಇಂಗ್ಲೆಂಡ್‌ನಲ್ಲಿ ಕೇರ್.ಡೇಟಾ ಅಂತ ಕ್ಲಿನಿಕ್ ದಾಖಲೆ ಒಟ್ಟು ಮಾಡೋ ಯೋಜನೆ ಇತ್ತು, 2014ರಲ್ಲಿ ಮನೆಮನೆಗೆ ಕರಪತ್ರ ಹಾಕಿದೀವಿ ಅಂದ್ರು, ಎಷ್ಟೋ ಜನ ನೋಡೇ ಇರ್ಲಿಲ್ಲ, ಇನ್ಶೂರೆನ್ಸ್ ಕಂಪನಿಗೆ ಹೋಗುತ್ತಾ ಅಂತ ಗಲಾಟೆ ಆಯ್ತು, 2016ರಲ್ಲಿ ಮುಚ್ಚಿದ್ರು. ಟೆಕ್ನಾಲಜಿ ಕೈಕೊಟ್ಟು ಮುಚ್ಚಿದ್ದಲ್ಲ ಅದು. ಯಾವ ಪ್ರಾಜೆಕ್ಟ್‌ಗೆ, ಯಾರಿಗೆ, ಯಾವ ಡೇಟಾ ಕೊಟ್ರು, ಕೊನೆಗೆ ಏನ್ ಗೊತ್ತಾಯ್ತು ಅಂತ ಪಟ್ಟಿ ಎಲ್ರಿಗೂ ಕಾಣೋಹಾಗೆ ಹಾಕ್ತಾರಾ ಅಂತ ಮೊದ್ಲು ನೋಡಿ. ಹಾಕಲ್ಲ ಅಂದ್ರೆ ಪಿಶಾಚಿಯವ್ರ ಪಾರ್ಟಿಗೆ ನಾನೂ ಸೇರ್ತೀನಿ.