ಮನೆಯಡಿಯ ಬಟ್ಟೆ ಒಗೆಯುವ ರೂಮು 25 ಸಾವಿರದೊಳಗೆ ಸರಿ ಮಾಡ್ಲಿಕ್ಕೆ ಆಗ್ತದಾ?

ಪೆರ್ಲದಕ್ಕ:
ಕಾಸರಗೋಡಿನ ಪೆರ್ಲ ಕಡೆ ನಮ್ದು ಗುಡ್ಡೆ ಕಡಿದು ಕಟ್ಟಿದ ಮನೆ. ಮಾರ್ಗದಿಂದ ನೋಡಿದ್ರೆ ಒಂದೇ ಅಂತಸ್ತು, ತೋಟದ ಬದಿಯಿಂದ ಬಂದ್ರೆ ಅಡಿಯಲ್ಲೊಂದು ಉದ್ದದ ರೂಮುಂಟು, ಬೇಸ್‌ಮೆಂಟ್ ಅಂತ ಹೇಳ್ಬಹುದು. ಅಲ್ಲೇ ಒಗೆಯುವ ಕಲ್ಲು, ಹಳೇ ಸೆಮಿ ಆಟೋಮ್ಯಾಟಿಕ್ ಮೆಷಿನ್, ಒಂದು ಬಲ್ಬು, ಮತ್ತೆ ಸುಲಿಯದ ತೆಂಗಿನಕಾಯಿ ರಾಶಿ. ಬರೆ (ಗುಡ್ಡೆ ಕಡಿದಲ್ಲಿ ನಿಂತ ಮಣ್ಣು) ಬದಿಯ ಗೋಡೆಗೆ ಪುಟ್ಟಿ ಹಾಕಿ ಪೈಂಟ್ ಹೊಡೆಸಿದ್ದು ಹಪ್ಪಳದ ಹಾಗೆ ಎದ್ದು ಬರ್ತಾ ಉಂಟು, ಆಟಿ ತಿಂಗಳ ಮಳೆಯಲ್ಲಿ ಒಳಗೆ ಹಾಕಿದ ಬಟ್ಟೆ ಒಣಗುದೇ ಇಲ್ಲ, ಬೂಷ್ಟು ವಾಸನೆ. ಇವರು ಪಿವಿಸಿ ಪ್ಯಾನೆಲ್ ಹೊಡೆಸಿ ಎಲ್ಲ ಮುಚ್ಚಿಬಿಡುವ ಅಂತಾರೆ. ಅತ್ತೆ ಕಲ್ಲು ಮುಟ್ಲಿಕ್ಕೆ ಬಿಡುದಿಲ್ಲ, ಬಾಳೆಕಾಯಿ ಕಲೆ ಆದ ತೋಟದ ಬಟ್ಟೆ ಮೆಷಿನಿಗೆ ಹಾಕುದು ಹೇಗೆ ಅಂತ, ಅದೂ ಸರಿಯೇ. ಹೊಸ ಫ್ರಂಟ್ ಲೋಡ್ ಮೆಷಿನ್ ಬೇರೆ ಲೆಕ್ಕದಲ್ಲಿ ತಗೊಳ್ತೇವೆ. ಎಲ್ಲಿಂದ ಸುರು ಮಾಡುದು?

ಬದಿಯಡ್ಕ ಮೇಸ್ತ್ರಿ:
ಅಕ್ಕ, ಪ್ಯಾನೆಲ್ ಮಾತ್ರ ಬೇಡ. ನೀರು ನಿಲ್ಲುದಿಲ್ಲ, ಕಾಣುದಿಲ್ಲ ಅಷ್ಟೆ, ಹಿಂದಿನ ಮರದ ರೀಪಿಗೆ ಗೆದ್ದಲು ಏರಿದ ಮೇಲೆಯೇ ನಿಮ್ಗೆ ಗೊತ್ತಾಗುದು. ನಮ್ಮ ಮುರಕಲ್ಲು (ಜಂಬಿಟ್ಟಿಗೆ) ಗುಡ್ಡೆ ಮಳೆಗಾಲದಲ್ಲಿ ನೀರು ಕುಡಿದು ಇಟ್ಕೊಳ್ತದೆ, ಬಾಯಾರು ಶೇಣಿ ಕಡೆ ಗುಡ್ಡೆಗೆ ಅಡ್ಡ ಕೊರೆದ ಸುರಂಗದಲ್ಲಿ ನೀರು ಸಿಗುದೂ ಅದೇ ಗುಣದಿಂದ, ವರ್ಷಕ್ಕೆ 3000 ಮಿಲ್ಲಿಮೀಟರಿಗಿಂತ ಮೇಲೆ ಮಳೆ ಬೀಳುವ ಊರಲ್ಲಿ ಆ ನೀರಿಗೆ ಇಳಿದು ಹೋಗ್ಲಿಕ್ಕೆ ದಾರಿ ಬೇಕಲ್ಲ, ಈಗ ನಿಮ್ಮ ಗೋಡೆಯೇ ದಾರಿ ಆಗಿರ್ಬೇಕು. ಗೋಡೆಗೂ ಬರೆಗೂ ನಡುವೆ ಸಂದು ಉಂಟಾ?

ಪೆರ್ಲದಕ್ಕ:
ಎರಡಡಿ ಉಂಟು, ಬರೆ ಜರಿದು ಸುಮಾರು ಸೊಂಟದಷ್ಟು ಮಣ್ಣು ತುಂಬಿದೆ.

ಬದಿಯಡ್ಕ ಮೇಸ್ತ್ರಿ:
ಹಾಗಾದ್ರೆ ಅರ್ಧ ದುಡ್ಡು ಅಲ್ಲಿಗೇ ಇಡಿ. ಬೇಸಿಗೆಯಲ್ಲಿ ಆ ಮಣ್ಣು ತುಂಡು ತುಂಡಾಗಿ ತೆಗೆಸಿ, ಒಮ್ಮೆಗೇ ತೆಗೆದ್ರೆ ಬರೆ ಮತ್ತೆ ಜರಿದೀತು, ಆಳುಗಳು ಕೆಳಗಿರುವಾಗ ಮೇಲಿಂದ ಒಬ್ಬ ನೋಡ್ತಾ ಇರ್ಲಿ. ಆ ಸಂದಲ್ಲಿ ನೀರು ಹೋಗುವ ಕಣಿ ಮಾಡಿಸಿ, ಅದು ರೂಮಿನ ನೆಲಕ್ಕಿಂತ ಅರ್ಧ ಅಡಿ ಕೆಳಗಿದ್ರೆ ಸಾಕು, ಪಂಚಾಂಗದ (ಮನೆಯ ಅಡಿಪಾಯದ) ಬುಡ ಕೆದಕ್ಬೇಡಿ. ತಳದಲ್ಲಿ ತೂತು ಹಾಕಿದ ನಾಲ್ಕಿಂಚು ಪೈಪು, ಮೇಲೆ ಜಲ್ಲಿ, ಹತ್ತಡಿಗೆ ಒಂದಿಂಚಾದ್ರೂ ಇಳಿಜಾರು ಕೊಟ್ಟು ತೋಟದ ಕಣಿಗೆ ಬಿಡಿ. ಪೈಪಿನ ಬಾಯಿಗೆ ಬಲೆ ಕಟ್ಲಿಕ್ಕೆ ಮರಿಬೇಡಿ, ಹೆಗ್ಗಣ ಸಂಸಾರ ಹೂಡ್ತದೆ. ಒಳಗೆ ಪುಟ್ಟಿ ಪೂರ್ತಿ ಕೆರೆಸಿ ಗೋಡೆ ಒಂದು ಬೇಸಿಗೆ ಒಣಗ್ಲಿ, ಮತ್ತೆ ಸುಣ್ಣ.

ಉಪ್ಪಳದವ:
ಸುಣ್ಣ ಹೊಡೆದ್ರೆ ಒದ್ದೆ ಬಟ್ಟೆ ತಾಗಿದಲ್ಲೆಲ್ಲ ಬಿಳಿ ಅಂಟ್ತದೆ ಮಾರಾಯ್ರೇ, ಒಗೆಯುವ ಜಾಗಕ್ಕೆ ಅದೊಂದು ರಗಳೆ. ನಾನು ಟೈಲ್ಸ್ ಅಂತಲೇ ಹೇಳುದು. ಅಂಗಡಿಯಲ್ಲಿ ಒಂದೆರಡು ಬಾಕ್ಸ್ ಉಳಿದ ಮಾಲು ಕಡಿಮೆಗೆ ಕೊಡ್ತಾರೆ, ಡಿಸೈನ್ ಒಂದೊಂದು ತರ ಇದ್ರೆ ಇರ್ಲಿ, ಅಲ್ಲಿಗೆ ಯಾರು ನೋಡ್ಲಿಕ್ಕೆ ಬರ್ತಾರೆ.

ಬದಿಯಡ್ಕ ಮೇಸ್ತ್ರಿ:
ಕಲ್ಲಿನ ಹಿಂದೆ, ಮೆಷಿನ್ ಹಿಂದೆ ಹಾಕಿ, ಬೇಡ ಹೇಳುದಿಲ್ಲ. ಬರೆ ಬದಿಯ ಗೋಡೆಗೆ ಬೇಡ. ಸಂಶಯ ಇದ್ರೆ ಮಳೆಗಾಲದಲ್ಲಿ ಒಂದಡಿ ಚದರದ ಪ್ಲಾಸ್ಟಿಕ್ ತುಂಡನ್ನು ಆ ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. ಪ್ಲಾಸ್ಟಿಕಿನ ಹಿಂದೆ ನೀರ ಹನಿ ಕೂತಿದ್ರೆ ಗೋಡೆಯಿಂದ ಬರುದು, ಎದುರು ಬದಿ ಕೂತಿದ್ರೆ ರೂಮಿನ ಗಾಳಿಯ ತೇವ, ಅದಕ್ಕೆ ಎಕ್ಸಾಸ್ಟ್ ಫ್ಯಾನ್ ಸಾಕಾಗ್ತದೆ.

ಕರೆಂಟಿನ ಕೆಲಸದವ, ಕುಂಬಳೆ:
ನೀರಿನ ಮಾತು ಮುಗಿದ್ರೆ ನನ್ನದೂ ಕೇಳಿ. ಬಲ್ಬಿನ ವಯರಿಂದಲೇ ಮೆಷಿನಿಗೆ ಎಳೀಬೇಡಿ. ಮೇಲಿನ ಬೋರ್ಡಿಂದ ಬೇರೆ ಲೈನು, 16 ಆಂಪ್ ಪ್ಲಗ್ ಎದೆ ಎತ್ತರದಲ್ಲಿ, ಕರೆಂಟ್ ಸೋರಿದ್ರೆ ಲೈನು ಕಡಿಯುವ 30 ಮಿಲ್ಲಿಆಂಪ್ ಆರ್‌ಸಿಸಿಬಿ, ಸರಿಯಾದ ಅರ್ತ್. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡುವ ಜಾಗ ಅದು, ಇಲ್ಲಿ ಉಳಿಸ್ಲಿಕ್ಕೆ ನೋಡ್ಬೇಡಿ. ಗುಡುಗು ಸುರುವಾದ್ರೆ ಪ್ಲಗ್ ತೆಗೆದೇ ಇಡಿ. ಮತ್ತೊಂದು, ಒಗೆದ ನೀರು ಹೋಗುವ ನಿಮ್ಮ ಇಂಗುಗುಂಡಿ ರೂಮಿನ ನೆಲಕ್ಕಿಂತ ಮೇಲುಂಟಾ ಕೆಳಗುಂಟಾ? ಸೆಮಿ ಆಟೋಮ್ಯಾಟಿಕಿಂದ ನೀರು ತನ್ನಷ್ಟಕ್ಕೇ ಇಳಿದು ಹೋಗ್ಬೇಕು, ಫ್ರಂಟ್ ಲೋಡಲ್ಲಿ ಪಂಪುಂಟು, ಎರಡು ಮೂರಡಿ ಎತ್ತಿ ಹೊರಗೆ ಹಾಕ್ತದೆ. ಪೈಪನ್ನು ನೆಲಕ್ಕೆ ಇಳಿಬಿಟ್ರೆ ಮಾತ್ರ ತುಂಬಿದ ನೀರು ಹಾಗೇ ಹರಿದು ಹೋಗ್ತಾ ಇರ್ತದೆ, ಮೆಷಿನ್ ಹಾಳಾಗಿದೆ ಅಂತ ಫೋನ್ ಮಾಡುವವರಲ್ಲಿ ಇದೇ ಕೇಸು ತುಂಬ.

ನೀರ್ಚಾಲಿನ ಅತ್ತಿಗೆ:
ಒಣಗಿಸುದನ್ನು ಆ ರೂಮಿಂದ ಹೊರಗೆ ತನ್ನಿ ಅಕ್ಕ, ಗೋಡೆ ಎಷ್ಟು ಸರಿ ಮಾಡಿದ್ರೂ ಒಳಗೆ ಬಟ್ಟೆ ಹಾಕಿದ್ರೆ ಆ ನೀರೆಲ್ಲ ಅದೇ ಗೋಡೆಗೇ. ಅಡಿಕೆ ಒಣಗಿಸ್ಲಿಕ್ಕೆ ಹಾಕ್ತೇವಲ್ಲ, ಆ ಯುವಿ ಶೀಟಿನ ಉಳಿದ ತುಂಡು ಇದ್ರೆ ತೋಟದ ಬದಿಗೆ ಮಾಡು ಇಳಿಸಿ, ಎರಡೂ ತುದಿ ಗಾಳಿಗೆ ಬಿಟ್ಟು ಹಗ್ಗ ಕಟ್ಟಿ. ಆಟಿಯಲ್ಲೂ ಹೊಗೆಯಟ್ಟದ ವಾಸನೆ ಇಲ್ಲದೆ ಒಣಗ್ತದೆ. ಆಧಾರಕ್ಕೆ ಅಡಿಕೆ ಮರ ಸಾಕು ಅಂತಾರೆ, ನಂಗೆ ಜಿಐ ಪೈಪೇ ಒಳ್ಳೇದು ಕಾಣ್ತದೆ, ಬುಡ ಕುಂಬಾಗಿ ಹಾಳಾಗುದಿಲ್ಲ.

ಪೆರ್ಲದಕ್ಕ:
ಇಂಗುಗುಂಡಿ ಮೇಲೆಯೇ ಉಂಟು ಅಣ್ಣ, ಅದಕ್ಕೇ ಈಗಿನ ಮೆಷಿನನ್ನು ಕಲ್ಲಿನ ಮೇಲೆ ಹತ್ತಿಸಿ ಇಟ್ಟದ್ದು, ಸ್ಪಿನ್ ಆಗುವಾಗ ಕುಣಿತದೆ. ಪ್ಯಾನೆಲ್ ಕ್ಯಾನ್ಸಲ್, ಇವರಿಗೆ ಗೆದ್ದಲಿನ ವಿಷಯ ಓದಿ ಹೇಳಿದೆ, ಎಂತ ಮಾತಾಡ್ಲಿಲ್ಲ. ಶೀಟ್ ಅಟ್ಟದಲ್ಲಿ ಉಂಟು. ಮೇಸ್ತ್ರಿಯವರೇ, ಕಣಿ ಕೆಲಸಕ್ಕೆ ಪೆರ್ಲ ಕಡೆ ಬರುವವರು ಯಾರಾದ್ರೂ ಇದ್ರೆ ಮೆಸೇಜ್ ಹಾಕಿ, ಊಟ ತಿಂಡಿ ನಮ್ಮಲ್ಲೇ.