ನದಿಮೂಲ, ಋಷಿಮೂಲ, ಚೊಂಬುಮೂಲ

"ನಾನು ಎಂ ಕಣಯ್ಯಾ," ಅಂದ ಸೀನ.

ಭಾನುವಾರ ಬೆಳಗ್ಗೆ ಹತ್ತು ಗಂಟೆ. ಕಾಫಿ ಇನ್ನೂ ಒಳಗಿಂದ ಬಂದಿರಲಿಲ್ಲ. ಕಾಫಿಗೆ ಮುಂಚೆ ಯಾರಾದರೂ ಹೀಗೆ ಗುಟ್ಟು ಬಿಚ್ಚಿದರೆ ನನಗೆ ಏನು ಹೇಳಬೇಕೋ ತೋಚುವುದಿಲ್ಲ.

"ಮೀಡಿಯಮ್ಮಾ? ನಿನ್ನ ಹೊಟ್ಟೆ ನೋಡಿದ್ರೆ ಡಬಲ್ ಎಕ್ಸೆಲ್ ಅನ್ಸತ್ತೆ."

"ಥೂ, ಹ್ಯಾಪ್ಲೋಗ್ರೂಪ್ ಎಂ! ತಾಯಿ ಕಡೆಯ ವಂಶ. ಡಿಎನ್‌ಎ ಟೆಸ್ಟ್ ಮಾಡಿಸಿದೆ."

ಹೋದ ವರ್ಷ ಆರು ತಿಂಗಳು ಟೆಕ್ಸಾಸಿನಲ್ಲಿ ಮಗನ ಮನೆಯಲ್ಲಿದ್ದಾಗ ಆದ ಘನಕಾರ್ಯ ಇದು. ಅಲ್ಲಿ ಅದೊಂದು ಖಯಾಲಿ. ಮನೆಗೆ ಡಬ್ಬಿ ಬರುತ್ತೆ, ಅದರೊಳಗಿನ ಕೊಳವೆಯಲ್ಲಿ ಗೆರೆ ಮುಟ್ಟುವಷ್ಟು ಉಗುಳಬೇಕು. ಅದಕ್ಕೆ ಮುಂಚೆ ಅರ್ಧ ಗಂಟೆ ಏನೂ ತಿನ್ನೋ ಹಾಗಿಲ್ಲ, ಕುಡಿಯೋ ಹಾಗಿಲ್ಲ. ಸೀನನಿಗೆ ಎಷ್ಟು ಹೊತ್ತಾದರೂ ಗೆರೆ ಮುಟ್ಟಲಿಲ್ಲವಂತೆ. ಕೊನೆಗೆ ಹೆಂಡತಿ ಪದ್ಮ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿ ತಂದು ಮೂಗಿನ ಹತ್ತಿರ ಹಿಡಿದ ಮೇಲೆ ಮುಟ್ಟಿತಂತೆ.

"ಹನ್ನೆರಡು ಸಾವಿರ," ಅಂತ ಒಳಗಿಂದಲೇ ಪದ್ಮಳ ದನಿ ಬಂತು. "ಒಳ್ಳೇ ಮಿಕ್ಸಿ ಬರ್ತಿತ್ತು."

ಜಗಲಿಯ ಮೂಲೆಯಲ್ಲಿ ಸೀನನ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ನನ್ನ ಕೇಳಿದ್ರೆ ಬಿಟ್ಟಿ ಹೇಳ್ತಿದ್ದೆ ಕಣೋ. ನಮ್ಮಮ್ಮ ಬನ್ನೂರಿನೋರು," ಅಂದರು.

"ಅದಲ್ಲಮ್ಮ, ಅದಕ್ಕೂ ಹಿಂದೆ. ಅರವತ್ತು ಸಾವಿರ ವರ್ಷ ಹಿಂದೆ!"

"ಬನ್ನೂರಿಗಿಂತ ಹಿಂದಿಂದು ನಂಗೊತ್ತಿಲ್ಲಪ್ಪ," ಅಂತ ಅಮ್ಮ ಇನ್ನೊಂದು ಕಾಯಿ ತಗೊಂಡರು.

ಸೀನ ಮೊಬೈಲಿನಲ್ಲಿ ನಕ್ಷೆ ತೋರಿಸಿದ. ಆಫ್ರಿಕಾದಿಂದ ಕೆಂಪು ಬಾಣವೊಂದು ಹೊರಟು, ಅರಬ್ಬರ ನಾಡಿನ ಅಂಚು ಸವರಿಕೊಂಡು ನಮ್ಮ ಕರಾವಳಿಗೆ ಬಂದು, ಅಲ್ಲಿಂದ ಅಂಡಮಾನು, ಆಸ್ಟ್ರೇಲಿಯಾ ಅಂತ ಹೋಗಿತ್ತು.

"ನೋಡು, ಇಷ್ಟು ದೂರ ನಮ್ಮಜ್ಜಿ ನಡೆದು ಬಂದಿದ್ದಾಳೆ."

"ಮೊಮ್ಮಗನಿಗೆ ಮೂಲೆಯಂಗಡಿಯಿಂದ ಹಾಲಿನ ಪ್ಯಾಕೆಟ್ ತರೋಕೂ ಸ್ಕೂಟರ್ ಬೇಕು," ಅಂದೆ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಮೂವತ್ತೆರಡು ವರ್ಷ ಜೀವಶಾಸ್ತ್ರ ಪಾಠ ಮಾಡಿದವರು. ಕನ್ನಡಕ ಒರೆಸಿದರೆ ಪೀರಿಯಡ್ ಶುರುವಾಯಿತು ಅಂತಲೇ ಅರ್ಥ.

"ಒಬ್ಬಳೇ ನಡೆದಿದ್ದಲ್ಲ, ತಲೆಮಾರುಗಟ್ಟಲೆ ನಡೆದಿದ್ದು. ಲೆಕ್ಕ ಹಾಕಿದೋರು ಹೇಳೋದು, ವರ್ಷಕ್ಕೆ ಹೆಚ್ಚೂಕಡಿಮೆ ಒಂದೆರಡು ಕಿಲೋಮೀಟರು."

"ನಮ್ಮ ರಸ್ತೆ ಒಳಚರಂಡಿ ಕೆಲಸಕ್ಕಿಂತ ಜೋರೇ ಆಯ್ತು," ಅಂದೆ.

"ತಮಾಷೆ ಬಿಡಿ. ನಮ್ಮ ಹೆಚ್ಚೂಕಡಿಮೆ ಎಲ್ಲಾ ಜೀವಕೋಶದಲ್ಲೂ ಮೈಟೊಕಾಂಡ್ರಿಯ ಅಂತ ಇರತ್ತೆ. ಅದಕ್ಕೆ ಅದರದ್ದೇ ಪುಟ್ಟ ಡಿಎನ್‌ಎ. ಕೋಶದ ದೊಡ್ಡ ಡಿಎನ್‌ಎಯಲ್ಲಿ 300 ಕೋಟಿ ಅಕ್ಷರ ಇದ್ರೆ ಇದರಲ್ಲಿ ಬರೀ 16,569. ಇದು ತಾಯಿಯಿಂದ ಮಾತ್ರ ಬರೋದು. ಮಗನಿಗೂ ಸಿಗತ್ತೆ, ಮಗಳಿಗೂ ಸಿಗತ್ತೆ, ಆದ್ರೆ ಮುಂದಕ್ಕೆ ದಾಟಿಸೋಳು ಮಗಳೊಬ್ಬಳೇ. ಮೂರು ನಾಲ್ಕು ಸಾವಿರ ವರ್ಷಕ್ಕೊಂದು ಸಲ ನಕಲು ಮಾಡುವಾಗ ಒಂದಕ್ಷರ ತಪ್ಪತ್ತೆ. ತಪ್ಪಿದ್ದು ಹಾಗೇ ಉಳಕೊಂಡು ಬರತ್ತೆ. ಆ ತಪ್ಪುಗಳನ್ನ ಜೋಡಿಸಿ ಗುಂಪು ಮಾಡಿದ್ದೇ ಹ್ಯಾಪ್ಲೋಗ್ರೂಪು."

ಅಷ್ಟರಲ್ಲಿ ಕಾಫಿ ಬಂತು. ಜೊತೆಗೆ ಶೆಟ್ರಿಗೆ ನೀರು. ಅವರದು ಯಾವಾಗಲೂ ಮೊದಲು ನೀರು, ಆಮೇಲೆ ಕಾಫಿ. ಪದ್ಮ ನೀರು ತಂದದ್ದು ಹಳೇ ತಾಮ್ರದ ಚೊಂಬಿನಲ್ಲಿ. ತಳದಲ್ಲಿ ಒಂದು ಕಡೆ ನೆಗ್ಗಿತ್ತು. ಟೀಪಾಯಿ ಮೇಲಿಟ್ಟರೆ ಸ್ವಲ್ಪ ವಾಲಿಕೊಂಡು ನಿಲ್ಲುತ್ತಿತ್ತು, ಜಗಲಿಯಲ್ಲಿ ಮಾತು ಕೇಳುವವರ ಹಾಗೆ.

"ಈ ಚೊಂಬು ಎಲ್ಲಿದಮ್ಮಾ?" ಅಂತ ಸೀನನ ಅಮ್ಮನನ್ನು ಕೇಳಿದೆ.

"ನಮ್ಮಮ್ಮ ಕೊಟ್ಟಿದ್ದು. ಅವರಿಗೆ ಅವರಮ್ಮ ಕೊಟ್ಟಿದ್ದಂತೆ."

"ನೆಗ್ಗು?"

"ನಾನು ಬರುವಾಗಲೇ ಇತ್ತು."

"ಸೀನ, ಮೇಷ್ಟ್ರು ಹೇಳಿದ್ದು ಇಷ್ಟೇ," ಅಂದೆ. "ತಾಯಿ ಮಗಳಿಗೆ ಚೊಂಬು ಕೊಡ್ತಾಳೆ. ಸಾವಿರಾರು ವರ್ಷಕ್ಕೊಮ್ಮೆ ಯಾವಳದೋ ಕೈಜಾರಿ ಒಂದು ನೆಗ್ಗು ಬೀಳತ್ತೆ. ಮುಂದೆ ಆ ಮನೆಯ ಹೆಣ್ಣುಮಕ್ಕಳಿಗೆಲ್ಲ ನೆಗ್ಗಿದ ಚೊಂಬೇ. ಮೇಷ್ಟ್ರೇ, ಎಂ ಅನ್ನೋದಕ್ಕೆ ಎಷ್ಟು ನೆಗ್ಗು?"

"ಆಫ್ರಿಕಾದ ತಾಯಿ ಎಲ್3. ಅವಳದಕ್ಕಿಂತ ಇದಕ್ಕೆ ನಾಲ್ಕು ಹೆಚ್ಚು."

"ನಾಲ್ಕು ನೆಗ್ಗಿನ ಚೊಂಬು. ನಿನ್ನ ಮಗ ಹನ್ನೆರಡು ಸಾವಿರ ಕೊಟ್ಟು ನಿನ್ನ ಕೈಗೆ ಚೊಂಬು ಕೊಟ್ಟ!"

ಶೆಟ್ರು ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

ಸೀನ ಸೋಲುವವನಲ್ಲ. "ನಗ್ರಿ, ನಗ್ರಿ. ಎಂ ಅಂದ್ರೆ ಎಷ್ಟು ಅಪರೂಪ ಗೊತ್ತಾ? ಟೆಕ್ಸಾಸಿನಲ್ಲಿ ಮಗನ ಅಕ್ಕಪಕ್ಕದ ಮನೆಯವರಲ್ಲಿ ಒಬ್ಬರೂ ಎಂ ಇಲ್ಲ."

"ಟೆಕ್ಸಾಸಿನಲ್ಲಿ ಅವರೆಕಾಯೂ ಅಪರೂಪ," ಅಂದರು ಮೇಷ್ಟ್ರು. "ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎಂ. ದಕ್ಷಿಣಕ್ಕೆ ಬಂದ್ರೆ ಇನ್ನೂ ಜಾಸ್ತಿ."

"ಸಿಟಿ ಬಸ್ ಹತ್ತಿ 'ಎಂ' ಅಂತ ಕೂಗಿದ್ರೆ ಅರ್ಧ ಬಸ್ಸು ತಿರುಗಿ ನೋಡತ್ತೆ ಅನ್ನಿ," ಅಂದೆ.

"ಆದರೂ... ನಮ್ಮಂಥ ಮನೆತನಗಳಲ್ಲಿ ಸ್ವಲ್ಪ ಹೆಚ್ಚಿರಬೇಕಲ್ವಾ?" ಅಂತ ಸೀನ ದನಿ ತಗ್ಗಿಸಿದ. ಇವನು ಹನ್ನೆರಡು ಸಾವಿರಕ್ಕೆ ಕೊಳ್ಳಲು ಹೋದದ್ದು ಏನು ಅನ್ನೋದು ಆಗ ಹೊರಗೆ ಬಂತು.

"ಎಲ್ಲಾ ಜಾತಿಯಲ್ಲೂ ಇದೆ, ಬುಡಕಟ್ಟಿನವರಲ್ಲೂ ಇದೆ. ಚೊಂಬಿಗೆ ಪಂಕ್ತಿಭೇದ ಇಲ್ಲಪ್ಪ," ಅಂದರು ಮೇಷ್ಟ್ರು. ಚೊಂಬಿನ ಚಟ ಅವರಿಗೂ ಹತ್ತಿತ್ತು.

ಸೀನನ ಮುಖ ಬಾಡಿತು. ಇನ್ನೊಂದು ಸಂಕಟವನ್ನೂ ಹೇಳಿಕೊಂಡ. ಮಗನೂ ಉಗುಳಿದ್ದನಂತೆ. ಅವನದು 'ಯು' ಅಂತ ಬಂದಿದೆ. ಅಪ್ಪ ಎಂ, ಮಗ ಯು ಆಗೋದು ಹೇಗೆ? ಕೊಳವೆ ಅದಲುಬದಲಾಗಿದೆ ಅಂತ ಅವರಿಗೆ ಮೂರು ಈಮೇಲ್ ಬರೆದಿದ್ದಾನಂತೆ.

"ಅಯ್ಯೋ ಪುಣ್ಯಾತ್ಮ! ನಿಂದು ನಿಮ್ಮಮ್ಮಂದು, ಅವಂದು ಅವರಮ್ಮಂದು. ಅವನ ಚೊಂಬು ಪದ್ಮಳ ತವರುಮನೆದು."

"ಅದಕ್ಕೇ ಅವನಿಗೆ ಓದು ಹತ್ತಿದ್ದು," ಅಂತ ಒಳಗಿಂದ ಬಂತು.

ಶೆಟ್ರು ಕಾಫಿ ಮುಗಿಸಿ ಕಾಲು ನೀಡಿದರು. "ನಮಗೆ ಇದೆಲ್ಲ ಉಗುಳುವ ಅಗತ್ಯವೇ ಇಲ್ಲ ಮಾರಾಯ್ರೆ. ನಮ್ಮಲ್ಲಿ ಬಳಿ ಉಂಟು, ಗೋತ್ರದ ಹಾಗೆ. ತಾಯಿಯ ಬಳಿಯೇ ಮಕ್ಕಳಿಗೆ. ಒಂದೇ ಬಳಿಯವರು ಮದುವೆ ಆಗುವ ಹಾಗಿಲ್ಲ. ಭೂತಾಳ ಪಾಂಡ್ಯನ ಕಾಲದಿಂದ ಬಂದದ್ದು. ರಾಜ ಭೂತದ ಬಲಿಗೆ ಮಗನನ್ನು ಕೊಡು ಅಂದಾಗ ಹೆಂಡತಿ ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಟ್ಟಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು. ಅಂದಿನಿಂದ ಆಸ್ತಿ ಅಳಿಯನಿಗೆ, ಅಂದರೆ ತಂಗಿಯ ಮಗನಿಗೆ. ಅಳಿಯಸಂತಾನ!"

"ಹಾಗಾದ್ರೆ ನಿಮ್ಮಜ್ಜಿಯ ಅಜ್ಜಿ ಹೆಸರು ಹೇಳಿ ನೋಡೋಣ."

ಶೆಟ್ರು ಬಾಯಿ ತೆರೆದರು. ಮುಚ್ಚಿದರು. "ಅಜ್ಜಿಯ ಸೋದರಮಾವನ ಹೆಸರು ಗೊತ್ತುಂಟು. ಅವರೇ ಯಜಮಾನರು. ಅವರ ಫೋಟೋ ಚಾವಡಿಯಲ್ಲಿ ಉಂಟು."

"ಸರಿ. ರಕ್ತ ಅಜ್ಜಿದು, ಬೀಗದಕೈ ಮಾವಂದು."

"ಅದೂ ಹೌದೇ ಮಾರಾಯ್ರೆ," ಅಂದರು ಶೆಟ್ರು.

ಮಾತು ಹೀಗೇ ಎಲ್ಲೆಲ್ಲೋ ಹರಿಯಿತು. ಮೊದಲ ಚೊಂಬು ಯಾರದು ಅಂತ ಸೀನ ಕೇಳಿದ. 1987ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು ಜಗತ್ತಿನ ಬೇರೆಬೇರೆ ಮೂಲದ 147 ಜನರ ಮೈಟೊಕಾಂಡ್ರಿಯ ಹೋಲಿಸಿ, ಎಲ್ಲರ ತಾಯಿಬೇರೂ ಸುಮಾರು ಎರಡು ಲಕ್ಷ ವರ್ಷ ಹಿಂದಿನ ಒಬ್ಬ ಆಫ್ರಿಕನ್ ಹೆಂಗಸಿಗೆ ಮುಟ್ಟುತ್ತೆ ಅಂದರಂತೆ. ಪತ್ರಿಕೆಯವರು ಅವಳಿಗೆ 'ಈವ್' ಅಂತ ನಾಮಕರಣ ಮಾಡಿದರು. ಆಗ ಇದ್ದವಳು ಅವಳೊಬ್ಬಳೇ ಅಂತಲ್ಲ. ಉಳಿದವರ ಸಾಲು ಎಲ್ಲೋ ಒಂದು ಕಡೆ ಬರೀ ಗಂಡುಮಕ್ಕಳಾಗಿ, ಇಲ್ಲ ಮಕ್ಕಳೇ ಆಗದೆ, ನಿಂತುಹೋಯಿತು. ಈ ಗುಂಪುಗಳಿಗೆ ಅಕ್ಷರ ಇಟ್ಟವರಿಗಾದರೂ ಹಿರಿಯರು ಕಿರಿಯರು ಅಂತ ಇರಬೇಡವಾ? ಮೊದಲು ಪರೀಕ್ಷೆಗೆ ಸಿಕ್ಕವರು ಅಮೆರಿಕದ ಮೂಲನಿವಾಸಿಗಳು ಅಂತ ಎ, ಬಿ, ಸಿ, ಡಿ ಅವರಿಗೆ ಹೋಯಿತು. ಎಲ್ಲರಿಗಿಂತ ಹಳಬಳಾದ ಆಫ್ರಿಕದ ಅಜ್ಜಿಗೆ ಎಲ್! ಮದುವೆಮನೆಯಲ್ಲಿ ಮೊದಲು ಬಂದ ಪಡ್ಡೆಗಳು ಮುಂದಿನ ಸಾಲಿನಲ್ಲಿ ಕೂತು, ಮುತ್ತಜ್ಜಿ ಕಂಬದ ಹಿಂದೆ ನಿಂತ ಹಾಗೆ.

"ನಮ್ಮ ಎಂ ಹುಟ್ಟಿದ್ದು ಆಫ್ರಿಕದಲ್ಲೋ ಇಲ್ಲೋ?" ಅಂತ ಸೀನನ ಮುಂದಿನ ಪ್ರಶ್ನೆ. 'ನಮ್ಮ ಎಂ' ಅಂತೆ!

"ಜಗಳ ಅದೇ," ಅಂದರು ಮೇಷ್ಟ್ರು. "ಇಥಿಯೋಪಿಯಾದಲ್ಲಿ ಎಂ1 ಅಂತ ಒಂದು ಕವಲಿದೆ. ಅದನ್ನ ನೋಡಿ ಎಂ ಅಲ್ಲೇ ಹುಟ್ಟಿದ್ದು ಅಂದ್ರು. ಉಳಿದ ಕವಲು ಹೆಚ್ಚಿನವು ಏಷ್ಯಾದಲ್ಲಿ ಇರೋದ್ರಿಂದ, ಹುಟ್ಟಿದ್ದು ಏಷ್ಯಾದಲ್ಲಿ, ಎಂ1 ಮಾತ್ರ ತಿರುಗಿ ಆಫ್ರಿಕಕ್ಕೆ ಹೋಯ್ತು ಅನ್ನೋರೇ ಈಗ ಹೆಚ್ಚು."

"ಬಾಣಂತನಕ್ಕೆ ಹೋಗಿರಬೇಕು," ಅಂದರು ಅಮ್ಮ.

"ಇನ್ನೊಂದಷ್ಟು ಎಂ ಯುರೋಪಿಗೂ ಹೋಗಿತ್ತು. ಬೆಲ್ಜಿಯಂ, ಫ್ರಾನ್ಸಿನಲ್ಲಿ ಸಿಕ್ಕ ಹಿಮಯುಗದ ಮೂಳೆಗಳಲ್ಲಿ ಇದೆ ಅಂತ 2016ರಲ್ಲಿ ಗೊತ್ತಾಯ್ತು. ಚಳಿ ಹೆಚ್ಚಾದ ಮೇಲೆ ಅಲ್ಲಿಂದ ಮಾಯ."

ಸೀನ ಒಂದು ಕ್ಷಣ ಸ್ವಂತ ನಂಟರು ಹೋದವರ ಹಾಗೆ ಸುಮ್ಮನಾದ.

ನನಗೂ ಚುಚ್ಚುವ ಚಟ. "ಹತ್ತು ತಲೆಮಾರು ಹಿಂದಕ್ಕೆ ಹೋಗು. ಅಪ್ಪ ಅಮ್ಮ ಎರಡು, ಅಜ್ಜ ಅಜ್ಜಿ ನಾಲ್ಕು ಅಂತ ಹತ್ತನೆಯದಕ್ಕೆ 1,024 ಜನ. ಅದರಲ್ಲಿ ನಿನ್ನ ಎಂ ಕೊಟ್ಟೋಳು ಒಬ್ಬಳು. ಮಿಕ್ಕ 1,023 ಜನ ಮನೆ, ತೋಟ, ಮೂಗು, ಬೋಳುತಲೆ ಎಲ್ಲಾ ಕೊಟ್ಟಿದ್ದಾರೆ. ನೀನು ಒಬ್ಬಳ ಚೊಂಬು ಹಿಡ್ಕೊಂಡು ಕುಣೀತೀಯ."

"ಹಾಗಂತ ಅದೇನು ದಂಡ ಅಲ್ಲ," ಅಂತ ಮೇಷ್ಟ್ರು ಅವನ ಕಡೆಗಾದರು. "ಗೋವಾದ ರಾಣಿ ಕಥೆ ಕೇಳಿದೀರಾ?"

ಕೇಳಿರಲಿಲ್ಲ. ಜಾರ್ಜಿಯಾದ ರಾಣಿ ಕೆಟೆವಾನ್. ಮತ ಬದಲಿಸಲು ಒಪ್ಪಲಿಲ್ಲ ಅಂತ ಇರಾನಿನ ಷಾ ಅಬ್ಬಾಸ್ 1624ರಲ್ಲಿ ಶಿರಾಜಿನಲ್ಲಿ ಅವಳನ್ನು ಕೊಲ್ಲಿಸಿದ. ಪಾದ್ರಿಗಳು ಅವಳ ಮೂಳೆ ಕೆಲವನ್ನು ಕದ್ದುಮುಚ್ಚಿ ಗೋವಾಕ್ಕೆ ತಂದು, ಅಗಸ್ಟೀನ್ ಮಠದ ಕಿಟಕಿಯೊಂದರ ಪಕ್ಕ ಇಟ್ಟರು. ಮಠ ಹಾಳು ಬಿತ್ತು. 2004ರಲ್ಲಿ ಪುರಾತತ್ವ ಇಲಾಖೆಯವರಿಗೆ ಒಂದು ಕೈಮೂಳೆ ಸಿಕ್ಕಿತು. ಅವಳದೇ ಅಂತ ಹೇಳೋದು ಹೇಗೆ? ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಸ್ಥೆಯವರು ಅದರ ಹ್ಯಾಪ್ಲೋಗ್ರೂಪ್ ನೋಡಿದರು: ಯು1ಬಿ. ನಮ್ಮ ಕಡೆಯ 22,000 ಜನರ ಮಾದರಿ ಜಾಲಾಡಿದರೂ ಒಬ್ಬರಲ್ಲೂ ಅದಿಲ್ಲ. ಜಾರ್ಜಿಯಾದ ಮೂವತ್ತು ಜನರನ್ನು ನೋಡಿದರೆ ಇಬ್ಬರಲ್ಲಿ ಇತ್ತು. 2021ರಲ್ಲಿ ನಮ್ಮ ವಿದೇಶಾಂಗ ಸಚಿವರೇ ಹೋಗಿ ಒಪ್ಪಿಸಿ ಬಂದರು.

"ನಾನ್ನೂರು ವರ್ಷ ಆದ ಮೇಲಾದರೂ ತವರಿಗೆ ಮುಟ್ಟಿದಳಲ್ಲ," ಅಂದರು ಶೆಟ್ರು.

ಅಮ್ಮನ ಕೈಯಲ್ಲಿ ಅವರೆಕಾಯಿ ಹಾಗೇ ನಿಂತಿತ್ತು. "ಪಾಪ, ಒಂದು ಕೈಯಷ್ಟೇ," ಅಂದರು.

ಸೀನ ಮೆಲ್ಲಗೆ ಕೇಳಿದ, "ಅಮ್ಮಾ, ನಿಮ್ಮಜ್ಜಿ ಹೆಸರೇನು? ನಿಮ್ಮಮ್ಮನ ಅಮ್ಮಂದು."

"ಅಜ್ಜೀದಾ? ಊರೋರೆಲ್ಲ ದೊಡ್ಡಮ್ಮ ಅಂತಿದ್ರು. ನಮ್ಮ ತಾತ 'ಇವಳೇ' ಅಂತಿದ್ರು." ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಹೆಸರು ಅಂದ್ರೆ... ಆ ಚೊಂಬಿನ ಮೇಲೆ ಹಾಕ್ಸಿದ್ರು ನೋಡು."

ಸೀನ ಉಳಿದ ನೀರನ್ನು ತುಳಸಿಗೆ ಹಾಕಿ, ಚೊಂಬನ್ನು ಬೆಳಕಿಗೆ ಹಿಡಿದ. ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಕೊರೆದ ಒಂದು ಸಾಲು. ಮೇಷ್ಟ್ರು ಕನ್ನಡಕ ಕೊಟ್ಟರು. ನಾನು ಮೊಬೈಲಿನ ಟಾರ್ಚ್ ಹಾಕಿದೆ. ಮೊದಲ ಅಕ್ಷರ 'ಲ' ಇರಬಹುದು, 'ಅ' ಇರಬಹುದು. ಆಮೇಲೆ ಎರಡೋ ಮೂರೋ ಅಕ್ಷರದ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಕೊನೆಯದು ಮಾತ್ರ ಬೆರಳಿಗೂ ಸಿಕ್ಕಿತು.

"ಮ್ಮ," ಅಂತ ಓದಿದ ಸೀನ.

"ಹುಣಸೆಹಣ್ಣು ಹಾಕಿ ತಿಕ್ಕೀ ತಿಕ್ಕೀ ಹೋಯ್ತು ಕಣೋ," ಅಂದರು ಅಮ್ಮ. "ಅರವತ್ತು ವರ್ಷ ನಾನೇ ತಿಕ್ಕಿದೀನಿ. ಅದಕ್ಕೆ ಮುಂಚೆ ನಮ್ಮಮ್ಮ."

"ಮುಂದೆ ಯಾರಿಗಮ್ಮ ಇದು?" ಅಂತ ನಾನು ಕೇಳಬಾರದಿತ್ತು.

"ಮಗಳು ಶಾರದಂಗೆ ಅಂತಿದ್ದೆ. ಅವಳಿಗೂ ಇಬ್ರೂ ಗಂಡುಮಕ್ಕಳು. ಬೇಡಮ್ಮ, ಜಾಗ ಇಲ್ಲ ಅಂದ್ಲು."

ಯಾರೂ ಚೊಂಬಿನ ಜೋಕು ಮಾಡಲಿಲ್ಲ. ಹಿತ್ತಲಲ್ಲಿ ಗೇಟು ಕಿರುಗುಟ್ಟಿತು. ಪದ್ಮ ಬಂದು ಕಾಫಿಲೋಟಗಳನ್ನೆಲ್ಲ ತಟ್ಟೆಗೆ ಜೋಡಿಸಿದಳು.

"ಅದನ್ನೂ ಕೊಡ್ರಿ, ಪಾತ್ರೆಯೋಳು ಬಂದಳು," ಅಂತ ಸೀನನ ಕೈಯಿಂದ ಚೊಂಬು ತಗೊಂಡು ಒಳಗೆ ಹೋದಳು. ಇವತ್ತೊಂದಿನ ಬೇಡ ಅನ್ನೋಣ ಅಂದುಕೊಂಡೆ. ಅಷ್ಟರಲ್ಲಿ ನಲ್ಲಿ ಬಿಟ್ಟ ಸದ್ದು, ಅದರ ಹಿಂದೆಯೇ ತಿಕ್ಕುವ ಸದ್ದು ಕೇಳಿತು.