ಪುಟ್ಟೀ, ದೊಡ್ಡಮ್ಮ ಮಾತಾಡ್ತಿದ್ದೀನಿ

ಪುಟ್ಟೀ, ನಾನಮ್ಮ, ದೊಡ್ಡಮ್ಮ. ನಿನ್ನ ಮೆಸೇಜು ಬೆಳಿಗ್ಗೇನೇ ನೋಡಿದೆ. ಟೈಪ್ ಮಾಡೋಕೆ ಹೋದರೆ ನನ್ನ ಬೆರಳು ಒಂದು ಅಕ್ಷರಕ್ಕೆ ಎರಡು ಒತ್ತತ್ತೆ, ಅದಕ್ಕೇ ಈ ಮನೆ ಗ್ರೂಪಲ್ಲಿ ಬಾಯಲ್ಲೇ ಹೇಳ್ತೀನಿ. ಉದ್ದ ಆಗತ್ತೆ. ಕೇಳೋರು ಕೇಳಲಿ, ಬೇಡದೋರು ಬಿಡಲಿ.

ಮಗುವಿಗೆ ನಾಲ್ಕು ತಿಂಗಳು, ಎರಡು ತಿಂಗಳಿಂದ ಪ್ರಾರ್ಥನೆಗೆ ಕೂತರೆ ಒಂದು ಮಾತೂ ಹೊರಡಲ್ಲ, ಕಣ್ಣು ಮುಚ್ಚಿದರೆ ಇಲ್ಲಾ ನಿದ್ದೆ ಇಲ್ಲಾ ಅಳು, ದೇವರು ನನ್ನ ಕೈಬಿಟ್ಟನಾ ದೊಡ್ಡಮ್ಮ ಅಂತ ಕೇಳಿದ್ದೀಯ. ಕೈಬಿಟ್ಟಿಲ್ಲ. ಅದಕ್ಕೆ ನಾನು ಹೆದರಲಿಲ್ಲ. ಕೊನೇಲಿ ಒಂದು ಸಾಲು ಬರೆದಿದ್ದೀಯ ನೋಡು, 'ಮನಸ್ಸು ಸರಿಹೋದ ಮೇಲೆ ಮತ್ತೆ ಶುರು ಮಾಡ್ತೀನಿ' ಅಂತ, ಅದನ್ನ ಓದಿ ಎದೆ ಧಸಕ್ ಅಂತು. ಬೇಡ ಕಣೇ. ಮನಸ್ಸು ಬರಲಿ ಅಂತ ಕಾಯಬೇಡ.

ದೊಡ್ಡಪ್ಪನ ಹಾರ್ಟ್ ಆಪರೇಷನ್ ಆದ ವರ್ಷ ನಿಮಗೆಲ್ಲ ಗೊತ್ತೇ ಇದೆ. ಗೊತ್ತಿಲ್ಲದ್ದು ಏನು ಅಂದರೆ, ಅಷ್ಟು ಹೊತ್ತಿಗೆ ನಾನು ಮನೇಲಿ ಪ್ರಾರ್ಥನೆ ಬಿಟ್ಟು ಒಂದೂವರೆ ವರ್ಷ ಆಗಿತ್ತು. ಹೌದು, ನಾನೇ. ಅತ್ತೆಯವರ ಕೊನೇ ದಿನಗಳಲ್ಲಿ ಹಗಲು ರಾತ್ರಿ ನೋಡಿಕೊಂಡು, ಅವರು ಹೋದ ಮೇಲೆ ನಾನು ಖಾಲಿ ಕೊಡ ಆಗಿಬಿಟ್ಟೆ. ಮಂಡಿ ಊರಿದರೆ ಏನೂ ಇಲ್ಲ. ಮನಸ್ಸಿಲ್ಲದೆ ತುಟಿ ಅಲ್ಲಾಡಿಸೋದು ಕಪಟ, ಮನಸ್ಸು ಬಂದಾಗ ಮಾಡಿದರಾಯ್ತು ಅಂದುಕೊಂಡೆ. ಕೇಳೋಕೆ ಎಷ್ಟು ಪ್ರಾಮಾಣಿಕವಾಗಿದೆ ನೋಡು! ಹಾಗಂತ ಒಂದು ವಾರ ಆಯ್ತು, ಒಂದು ತಿಂಗಳಾಯ್ತು, ಆಮೇಲೆ ನಾನು ಕಾಯ್ತಿದ್ದೀನಿ ಅನ್ನೋದೇ ಮರೆತುಹೋಯ್ತು.

ಆದರೆ ಸ್ತ್ರೀಯರ ಕೂಟದಲ್ಲಿ ಪ್ರಾರ್ಥನೆ ಯಾರದ್ದು? ನನ್ನದೇ. ಅಕ್ಕ ಪ್ರಾರ್ಥಿಸಿದರೆ ಕಣ್ಣಲ್ಲಿ ನೀರು ಬರತ್ತೆ ಅನ್ನೋರು. ನನಗೂ ಹಿತವಾಗಿರ್ತಿತ್ತು, ಸುಳ್ಳು ಯಾಕೆ ಹೇಳಲಿ. ಧ್ವನಿ ಎಲ್ಲಿ ನಡುಗಬೇಕು ಅಂತ ಧ್ವನಿಗೇ ಗೊತ್ತಿತ್ತು.

ಆಪರೇಷನ್ ದಿನ ನಾಲ್ಕು ಗಂಟೆ ಅಂದಿದ್ದು ಆರಾಯ್ತು. ಒಬ್ಬ ನರ್ಸ್ ಓಡಿಕೊಂಡು ಹೊರಗೆ ಬಂದಳು, ಏನೋ ತಗೊಂಡು ಮತ್ತೆ ಒಳಗೆ ಓಡಿದಳು, ನನ್ನ ಮುಖ ನೋಡಲಿಲ್ಲ. ನಾನು ಗೋಡೆ ಕಡೆ ತಿರುಗಿ ನಿಂತು ಪ್ರಾರ್ಥನೆಗೆ ಬಾಯಿ ತೆಗೆದೆ. ಏನು ಬಂತು ಗೊತ್ತಾ? 'ಪರಲೋಕದ ತಂದೆಯೇ, ಇಲ್ಲಿ ನೆರೆದಿರುವ ಎಲ್ಲ ಸಹೋದರಿಯರ ಪರವಾಗಿ ನಿನ್ನ ಸನ್ನಿಧಿಗೆ ಬರುತ್ತೇವೆ.' ಅಲ್ಲಿ ಯಾವ ಸಹೋದರಿ ಇದ್ದಳು? ಒಂದು ಬಕೆಟ್ಟು, ಒಂದು ನೆಲ ಒರೆಸೋ ಕೋಲು. ನಿಲ್ಲಿಸಿದೆ. ಇನ್ನೊಂದು ಸಲ ಶುರು ಮಾಡಿದೆ. 'ಈ ಸುಸಂದರ್ಭಕ್ಕಾಗಿ ನಿನ್ನನ್ನು ಕೊಂಡಾಡುತ್ತೇವೆ' ಅಂತು ಬಾಯಿ. ಸುಸಂದರ್ಭ! ಗಂಡನ ಎದೆ ಸೀಳಿ ಮಲಗಿಸಿದ್ದಾರೆ, ಸುಸಂದರ್ಭವಂತೆ. ನನ್ನ ಹತ್ತಿರ ಬೇರೆ ಮಾತೇ ಉಳಿದಿರಲಿಲ್ಲ ಪುಟ್ಟೀ. ತಂದೆ ಹತ್ತಿರ ಮಗಳು ಆಡೋ ಮಾತು ಒಣಗಿಹೋಗಿತ್ತು, ವೇದಿಕೆ ಮಾತು ಒಂದೇ ಹಸಿರಾಗಿತ್ತು. ಆ ಗೋಡೆ ಹತ್ತಿರ ನನಗೆ ಆದ ನಾಚಿಕೆ ಇವತ್ತಿಗೂ ಆರಿಲ್ಲ. ದೊಡ್ಡಪ್ಪ ಉಳಿದರು, ದೇವರ ಕೃಪೆ. ಅಕ್ಕನ ಪ್ರಾರ್ಥನೆಯಿಂದ ಉಳಿದರು ಅಂತ ಜನ ಸಾಕ್ಷಿ ಹೇಳಿದಾಗೆಲ್ಲ ನಾನು ನೆಲ ನೋಡ್ತಾ ಕೂತಿರ್ತೀನಿ.

ಬೈಬಲಿನ ನೆಹೆಮೀಯ, ರಾಜನಿಗೆ ಪಾನ ಕೊಡ್ತಿದ್ದೋನು, ಅವನ ಕಥೆ ಸಂಡೇ ಸ್ಕೂಲಲ್ಲಿ ನಾನೇ ನಿಮಗೆಲ್ಲ ಹೇಳಿಕೊಟ್ಟಿದ್ದೆ. ಅರ್ತಷಸ್ತ ರಾಜ 'ನಿನಗೇನು ಬೇಕು' ಅಂತಾನೆ. ರಾಜನ ಪ್ರಶ್ನೆಗೂ ಇವನ ಉತ್ತರಕ್ಕೂ ಮಧ್ಯೆ ಒಂದು ಉಸಿರಿನಷ್ಟು ಜಾಗ, ಅದರಲ್ಲೇ ಅವನು ಪ್ರಾರ್ಥನೆ ಮಾಡಿಬಿಡ್ತಾನೆ. 2ನೇ ಅಧ್ಯಾಯ, 4ನೇ ವಚನ. ಎಷ್ಟು ಚುಟುಕು ಅಂತ ನಾವು ಮೆಚ್ಚಿಕೊಳ್ತೀವಿ. ಹಿಂದಿನ ಅಧ್ಯಾಯದಲ್ಲಿ ಅವನು ಅತ್ತು, ಉಪವಾಸ ಮಾಡಿ ಬೇಡ್ಕೊಂಡಿದ್ದು ಶುರುವಾಗಿದ್ದು ಕಿಸ್ಲೇವ್ ತಿಂಗಳಲ್ಲಿ, ರಾಜ ಕೇಳಿದ್ದು ನೀಸಾನ್ ತಿಂಗಳಲ್ಲಿ. ಮಧ್ಯೆ ಸುಮಾರು ನಾಲ್ಕು ತಿಂಗಳು. ಆ ಒಂದು ಉಸಿರು ಸುಮ್ಮನೆ ಬರಲಿಲ್ಲ. ಅದಕ್ಕೇ ಇನ್ನೊಂದು ಸಲ ಹೇಳ್ತೀನಿ, ಮನಸ್ಸು ಬರಲಿ ಅಂತ ಕಾಯಬೇಡ. ಬರದಿದ್ದರೂ ಹೋಗಿ ಕೂರು. ಒಣಗಿದ್ದೀನಿ ಅಂತಾದರೂ ಹೇಳು.

ಹಾಂ, ಆಪರೇಷನ್ ದಿನ ಅಂದೆನಲ್ಲ, ಆ ರಾತ್ರಿ ಕಥೇನೂ ಹೇಳಿಬಿಡ್ತೀನಿ, ಎಷ್ಟು ವರ್ಷ ಹೊಟ್ಟೇಲಿಟ್ಟುಕೊಳ್ಳಲಿ. ಈ ಗ್ರೂಪಲ್ಲಿ ಅವತ್ತು ಎಷ್ಟು ಜೊತೆ ಕೈಮುಗಿದ ಬೊಂಬೆ ಬಂತು ಅಂತ ನೆನಪಿದೆಯಾ? ಫೋನು ಟಿಂಗ್ ಟಿಂಗ್ ಅಂತಾನೇ ಇತ್ತು. ಪ್ರಾರ್ಥಿಸ್ತೀವಿ, ಪ್ರಾರ್ಥಿಸ್ತೀವಿ. ಬಂದು ಕೂತೋರು ಯಾರು? ಬಟ್ಟೆ ಇಲ್ಲದೆ, ಊಟ ಇಲ್ಲದೆ ಇರೋನಿಗೆ ಹೋಗಿ ಬೆಚ್ಚಗಿರಪ್ಪ ಅಂದು ಕಳಿಸಿದರೆ ಏನು ಬಂತು ಅಂತ ಯಾಕೋಬ ತನ್ನ ಪತ್ರಿಕೆಯಲ್ಲಿ ಸುಮ್ಮನೆ ಬರೆದನಾ? ಮನೇಲಿ ಕುಟುಂಬ ಪ್ರಾರ್ಥನೆ ಮಾಡಿಸೋ ದೊಡ್ಡ ಮನುಷ್ಯರೊಬ್ಬರು ಇದ್ದಾರೆ, ಹೆಸರು ಬೇಡ, ಅವರೂ ಇದನ್ನ ಕೇಳ್ತಿರ್ತಾರೆ. ಅವರ ಪ್ರಾರ್ಥನೆ ಅರ್ಧ ದೇವರಿಗೆ ವರದಿ, ಇನ್ನರ್ಧ ಸೊಸೆಗೆ ಬುದ್ಧಿವಾದ. 'ಕರ್ತನೇ, ತಡವಾಗಿ ಏಳುವವರಿಗೆ ಚುರುಕುತನ ದಯಪಾಲಿಸು.' ಆ ಹುಡುಗಿ ಕಣ್ಣು ಮುಚ್ಚಿಕೊಂಡೇ ಕೆಂಪಾಗ್ತಾಳೆ. ಅವಳಿಗೆ ಹೇಳೋದಿದ್ದರೆ ಅವಳಿಗೆ ಹೇಳಿ, ದೇವರನ್ನ ಯಾಕೆ ಮಧ್ಯೆ ಕೂರಿಸ್ತೀರ?

ಬಂದು ಕೂತೋಳು ನಿಮ್ಮಮ್ಮ ಒಬ್ಬಳೇ ಕಣೇ. ನಾಲ್ಕು ಜನರ ಮುಂದೆ ಪ್ರಾರ್ಥನೆ ಮಾಡು ಅಂದರೆ ತೊದಲ್ತಾಳೆ ಅಂತ ಮನೇಲೆಲ್ಲ ನಗ್ತಿದ್ದೆವಲ್ಲ, ನಾನೂ ನಕ್ಕಿದ್ದೀನಿ, ಅವಳೇ. ನನ್ನ ಕೈ ಹಿಡಿದುಕೊಂಡು ಆಗಾಗ 'ಯೇಸಪ್ಪಾ' ಅಂತಿದ್ದಳು. ಅಷ್ಟೇ. ಮುಂದೆ ಇಲ್ಲ, ಹಿಂದೆ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಆ ಒಂದು ಮಾತನ್ನ ನಾನೂ ಸಾಲ ತಗೊಂಡೆ. ಅಲ್ಲಿಂದ ಮತ್ತೆ ಶುರುವಾಗಿದ್ದು ನಂದು. ನಮಗೆ ಹೇಗೆ ಬೇಡಬೇಕು ಅಂತ ತಿಳಿಯದೆ ಇರುವಾಗ ದೇವರ ಆತ್ಮನೇ ಮಾತಿಗೆ ಸಿಗದ ನರಳಾಟದಿಂದ ನಮಗೋಸ್ಕರ ಬೇಡ್ತಾನೆ ಅಂತ ರೋಮಾಪುರದವರಿಗೆ ಬರೆದ ಪತ್ರಿಕೆ 8:26ರಲ್ಲಿ ಇದೆ. ಅಷ್ಟು ವರ್ಷ ಅದನ್ನ ಕೂಟದಲ್ಲಿ ಓದಿದ್ದೆ.

ಅಯ್ಯೋ, ನೀನು ಕೇಳಿದ್ದು ಏನು, ನಾನು ಎಲ್ಲಿಗೆ ಹೋದೆ. ಮಾಡೋದು ಏನು ಅಂತ ಹೇಳಲೇ ಇಲ್ಲ.

ನೋಡು, ರಾತ್ರಿ ಮಗುವಿಗೆ ಹಾಲು ಕೊಡೋಕೆ ಹೇಗೂ ಏಳ್ತೀಯ. ಅದೇ ನಿನ್ನ ಹೊತ್ತು. ಬೇರೆ ಎದ್ದು ಮಂಡಿ ಊರೋದು ಈಗ ಬೇಡ. ಫೋನ್ ಮುಟ್ಟಬೇಡ. ಕರ್ತನ ಪ್ರಾರ್ಥನೆಯಲ್ಲಿ ಒಂದೇ ಸಾಲು ಹೇಳು, ಹೇಳಿ ಸುಮ್ಮನಿರು. ಯೇಸುವಿನ ಶಿಷ್ಯರಿಗೂ ಪ್ರಾರ್ಥನೆ ಬರ್ತಿರಲಿಲ್ಲ, ನಮಗೆ ಕಲಿಸು ಅಂತ ಕೇಳಿದ್ದಕ್ಕೇ ತಾನೇ ಲೂಕ 11ರಲ್ಲಿ ಆತ ಅದನ್ನ ಕೊಟ್ಟಿದ್ದು? ಅಂದ ಮೇಲೆ ಸ್ವಂತ ಮಾತು ಇಲ್ಲದೋರಿಗೇ ಅದು. ಮುಗಿಸೋದಕ್ಕೆ ಮುಂಚೆ ನಿದ್ದೆ ಬಂತಾ, ಮಲಗು. ಅಳು ಬಂದರೆ 13ನೇ ಕೀರ್ತನೆ ತೆಗಿ. ಚಿಕ್ಕದು. ಎಷ್ಟರವರೆಗೆ, ಎಷ್ಟರವರೆಗೆ ಅಂತ ಕೀರ್ತನೆಗಾರ ನಾಲ್ಕು ಸಲ ಕೇಳ್ತಾನೆ, ದೇವರು ಬೈಯಲಿಲ್ಲ. 88ನೇದು ಕತ್ತಲೆಯಲ್ಲೇ ಮುಗಿಯತ್ತೆ, ಅದನ್ನೂ ಬೈಬಲಿನಿಂದ ಯಾರೂ ಕಿತ್ತುಹಾಕಿಲ್ಲ.

ಇನ್ನೊಂದು, ಇದನ್ನ ಮೊದಲೇ ಹೇಳಬೇಕಿತ್ತು, ಮುದುಕಿ ಬುದ್ಧಿ. ಎರಡು ತಿಂಗಳಿಂದ ಅಳು ಅಂದೆಯಲ್ಲ, ಅದನ್ನ ಡಾಕ್ಟರಿಗೆ ಹೇಳಿದ್ದೀಯಾ? ಹೆರಿಗೆ ಆದ ಮೇಲೆ ಕೆಲವರಿಗೆ ಖಿನ್ನತೆ ಬರತ್ತೆ, ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ವಿಶ್ವಾಸ ಕಮ್ಮಿ ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸು. ಪ್ರವಾದಿ ಎಲೀಯ ಸಾಯ್ತೀನಿ ಅಂತ ಗಿಡದ ಕೆಳಗೆ ಮಲಗಿದಾಗ ದೂತ ಪ್ರಸಂಗ ಮಾಡಲಿಲ್ಲ. ಎದ್ದು ತಿನ್ನು ಅಂದ. ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದ. 1 ಅರಸುಗಳು 19. ದೇವರ ಮೆಲುದನಿ ಕೇಳಿಸಿದ್ದೆಲ್ಲ ಆಮೇಲೆ. ಮಗುವಿಗಾಗಲಿ ನಿನಗಾಗಲಿ ಏನಾದರೂ ಮಾಡಿಕೊಳ್ಳೋ ಯೋಚನೆ ಬಂದರೆ ಬೆಳಗಾಗೋವರೆಗೂ ಕಾಯಬೇಡ, ಗಂಡನ್ನ ಎಬ್ಬಿಸು, ನನಗೆ ಫೋನ್ ಮಾಡು, ಆ ಕ್ಷಣವೇ ಆಸ್ಪತ್ರೆಗೆ ಹೊರಡೋದು.

ಇವತ್ತೇ ಡಾಕ್ಟರಿಗೆ ಫೋನ್ ಹಚ್ಚು, ಎಷ್ಟು ಹೊತ್ತಿಗೆ ಹೋಗೋದು ಅಂತ ನನಗೆ ತಿಳಿಸು. ಮಗು ನೋಡಿಕೊಳ್ಳೋಕೆ ನಾನು ಬರ್ತೀನಿ, ದೊಡ್ಡಪ್ಪನ ಮಾತ್ರೆಗಳನ್ನ ಎತ್ತಿಟ್ಟು ಹೊರಡ್ತೀನಿ. ಉಳಿದೋರು ಇದರ ಕೆಳಗೆ ಕೈಮುಗಿದ ಬೊಂಬೆ ಹಾಕಬೇಡಿ. ಯಾರು ಯಾವ ದಿನ ಹೋಗಿ ಅವಳಿಗೆ ಎರಡು ಗಂಟೆ ನಿದ್ದೆ ಮಾಡೋಕೆ ಬಿಡ್ತೀರ, ಅದನ್ನ ಹಾಕಿ.